ಹೊಳೆಗೆ ಕೊಟ್ಟ ವೀಳ್ಯ

ಮತ್ತಿಹಳ್ಳಿಯ ಪಟೇಲ ಮುದ್ದೇಗೌಡರ ರುಮಾಲಿನ ಮೇಲೆ, ಮುಂಗಾರಿನ ಮೊದಲ ದಿನಗಳ ಒಂದು ಬೆಳಿಗ್ಗೆ, ಬಾವಲಿಯೊಂದು ಹಿಕ್ಕೆ ಹಾಕಿತು. ಪಟೇಲರು ಕ್ಷೇಮವಾಗಿದ್ದರು. ರುಮಾಲಿನ ಸ್ಥಿತಿ ಚಿಂತಾಜನಕವಾಗಿತ್ತು.

ಸುದ್ದಿ ಪಟೇಲರಿಗಿಂತ ಮೊದಲು ಊರು ಮುಟ್ಟಿತು. ಗದ್ದೆಗೆ ನೀರು ಕಟ್ಟುತ್ತಿದ್ದವರು ಗುದ್ದಲಿ ಕೆಳಗಿಟ್ಟರು. ಹಾಲು ಕರೆಯುತ್ತಿದ್ದವರು ಅರ್ಧಕ್ಕೇ ಕರು ಬಿಟ್ಟರು. ಅದು ಸಾಮಾನ್ಯ ರುಮಾಲಲ್ಲ. ಜರಿಯಂಚಿನದು, ಪಂಚಾಯಿತಿಗೆ ಹೋಗುವಾಗ ಮಾತ್ರ ಸುತ್ತುವಂಥದ್ದು. ಆ ದಿನವೂ ಪಕ್ಕದೂರಿನ ಎರಡು ಮನೆತನಗಳ ಜಗಳ ಬಿಡಿಸಲು ಪಟೇಲರು ಅದನ್ನು ಸುತ್ತಿಕೊಂಡು ಹೊಳೆಕಾಡಿನ ಹಾದಿಯಲ್ಲಿ ಹೊರಟಿದ್ದರು. ಬಾವಲಿಗಳು ರಾತ್ರಿಯೆಲ್ಲ ನೇರಳೆಹಣ್ಣು ತಿಂದು ಆಗಷ್ಟೇ ಮರಕ್ಕೆ ಮರಳಿದ್ದವು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಜಗಳವಾಡುತ್ತಿದ್ದ ಎರಡು ಮನೆತನಗಳೂ ಪಟೇಲರ ತಲೆ ನೋಡಿ ಒಂದಾಗಿ ನಕ್ಕವು. ಜಗಳ ಅಲ್ಲಿಗೇ ಮುಗಿಯಿತು. ಆ ಯಶಸ್ಸಿನಿಂದ ಪಟೇಲರಿಗೆ ಸಂತೋಷವೇನೂ ಆಗಲಿಲ್ಲ.

ಮನೆಯಲ್ಲಿ ಅವರ ಹೆಂಡತಿ ನಿಂಗಾಜಮ್ಮ ರುಮಾಲನ್ನು ಬೂದಿಯಲ್ಲಿ ಉಜ್ಜಿದರು, ನಿಂಬೆಹುಳಿ ಹಿಂಡಿದರು, ಅಂಟುವಾಳದ ಕಾಯಿ ನೊರೆಯಲ್ಲಿ ನೆನೆಹಾಕಿದರು. ರುಮಾಲು ಬೆಳ್ಳಗಾಯಿತು, ಕಲೆ ಇನ್ನಷ್ಟು ಎದ್ದು ಕಂಡಿತು. ಅಂಟುವಾಳದ ಕಾಯಿ ಬಂದದ್ದೂ ಅದೇ ಹೊಳೆಕಾಡಿನಿಂದ ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಪಟೇಲರ ಗಮನಕ್ಕೆ ತರಲಿಲ್ಲ.

ಸಂಜೆ ಅರಳಿಕಟ್ಟೆಯ ಮೇಲೆ ಊರು ಸೇರಿತು. ಪಟೇಲರು ಬರಿತಲೆಯಲ್ಲಿ ಬಂದರು. ಪಟೇಲನೊಬ್ಬ ಬರಿತಲೆಯಲ್ಲಿ ಬೀದಿಗೆ ಬಂದರೆ ಯಾರ ಮನೆಯಲ್ಲಿ ಸಾವಾಯಿತು ಎಂದು ಕೇಳುತ್ತಿದ್ದ ಕಾಲ ಅದು. ಎಲ್ಲರೂ ಎದ್ದು ನಿಂತರು.

"ಇನ್ಮ್ಯಾಲೆ ನಾನು ಹಿಂಗೇ ಇರೋದು," ಎಂದರು ಪಟೇಲರು. "ಆ ಹೊಳೆಕಾಡು ನಿಂತಿರೋಗಂಟ ನನ್ನ ತಲೆ ಮ್ಯಾಲೆ ರುಮಾಲು ಏರಲ್ಲ. ಕಾಡು ಕಡಿದು, ದಡದಲ್ಲಿ ಕಲ್ಲಿನ ಮೆಟ್ಟಿಲು ಕಟ್ಸಿ, ಆಮ್ಯಾಲೇ ರುಮಾಲು. ಇದು ಮುದ್ದೇಗೌಡನ ಮಾತು."

ಕಲ್ಲಿನ ಮೆಟ್ಟಿಲ ಆಸೆ ಹೊಸದಲ್ಲ. ಎದುರು ದಡದ ಹೊಸಕೊಪ್ಪಲಿನ ಪಟೇಲರು ತಮ್ಮ ಕಡೆಯ ಮರಗಳನ್ನೆಲ್ಲ ತೆಗೆಸಿ ಅಂಥ ಮೆಟ್ಟಿಲು ಕಟ್ಟಿಸಿದ್ದರು. ಮೇಲಿನ ಮೆಟ್ಟಿಲಿನ ಪಕ್ಕ ತಮ್ಮ ಹೆಸರು ಕೆತ್ತಿದ ಕಲ್ಲೊಂದನ್ನೂ ನಿಲ್ಲಿಸಿದ್ದರು. ಹೊಳೆಯ ಈಚೆಯಿಂದ ನೋಡಿದರೂ ಅಕ್ಷರಗಳು ಕಾಣುತ್ತಿದ್ದವು. ಅದು ಮುದ್ದೇಗೌಡರಿಗೆ ಬಹಳ ದಿನಗಳಿಂದ ಕಣ್ಣಿಗೆ ಬಿದ್ದ ಕಸವಾಗಿತ್ತು. ಬಾವಲಿ ಒಂದು ನೆಪ ಒದಗಿಸಿತು, ಅಷ್ಟೆ.

ಕಟ್ಟೆಯ ಮೂಲೆಯಲ್ಲಿ ಕೂತಿದ್ದ ದಾಸೇಗೌಡರು ಪಟೇಲರಿಗೆ ದೂರದ ಸಂಬಂಧದಲ್ಲಿ ಚಿಕ್ಕಪ್ಪನಾಗಬೇಕು. ಅವರು ಎಲೆಯಡಿಕೆ ಉಗಿದು ಬಾಯಿ ಖಾಲಿ ಮಾಡಿಕೊಂಡರು.

"ಕಡಿಯೋಕೆ ಯಾರ್ ಬ್ಯಾಡ ಅಂದೋರು, ಮುದ್ದಣ್ಣ? ಕೇಳೋ ಶಾಸ್ತ್ರ ಒಂದಿತ್ತಲ್ಲ, ಅದನ್ನ ಮುಗಿಸ್ಬುಡು."

ಮತ್ತಿಹಳ್ಳಿಯಲ್ಲಿ ಗೋಮಾಳಕ್ಕೆ ಲೆಕ್ಕವಿತ್ತು, ಗುಡಿಗೆ ಪೂಜಾರಿಯಿದ್ದ, ಕೆರೆಗೆ ನೀರುಗಂಟಿಯಿದ್ದ. ಹೊಳೆಕಾಡಿಗೆ ಕಾವಲಿಲ್ಲ, ಬೇಲಿಯಿಲ್ಲ. ಒಂದು ಶಾಸ್ತ್ರ ಮಾತ್ರವಿತ್ತು. ಆ ಕಾಡಿನಲ್ಲಿ ಮರ ಕಡಿಯಬೇಕೆನ್ನುವವನು ಅಲ್ಲಿನ ದೊಡ್ಡ ಹೊಳೆಮತ್ತಿಯ ಬುಡದಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೂರಬೇಕು. ಆ ಮರದ ಹತ್ತಿರ ಯಾರೇ ಬರಲಿ, ಅವರ ಮುಂದೆ ವೀಳ್ಯದೆಲೆ ಇಟ್ಟು "ಕಡಿಯಲೇ?" ಎಂದು ಕೇಳಬೇಕು. ಎಲೆ ತೆಗೆದುಕೊಂಡರೆ ಒಪ್ಪಿದ ಹಾಗೆ. ಒಬ್ಬರಾದರೂ ಎಲೆ ತೆಗೆದುಕೊಂಡು, ಒಬ್ಬರೂ ಬಾಯಿಬಿಟ್ಟು ಬೇಡವೆನ್ನದಿದ್ದರೆ, ಸಂಜೆ ಕೊಡಲಿ ಹಾಕಬಹುದು.

ಹಿರಿಯರ ನೆನಪಿನಲ್ಲಿ ಯಾರೂ ಆ ಶಾಸ್ತ್ರ ಮಾಡಿರಲಿಲ್ಲ. ಬೇಸಾಯಗಾರರ ಊರು. ಒಂದು ಹಗಲು ಪೂರ್ತಿ ಸುಮ್ಮನೆ ಕೂರುವ ಪುರುಸೊತ್ತು ಯಾರಿಗಿತ್ತು? ಕಾಡು ಅಷ್ಟು ಕಾಲ ಉಳಿದದ್ದು ಭಕ್ತಿಯಿಂದಲೋ ಬಿಡುವಿಲ್ಲದ್ದರಿಂದಲೋ ಎಂದು ಯಾರೂ ವಿಚಾರಿಸಿರಲಿಲ್ಲ.

ಪಟೇಲರು ಶಾಸ್ತ್ರವನ್ನು ಅಕ್ಷರಶಃ ಪಾಲಿಸುವ ಮನುಷ್ಯ. ಶಾಸ್ತ್ರದ ಸಂದುಗಳು ಗೊತ್ತಿರುವವರಿಗೆ ಶಾಸ್ತ್ರದ ಮೇಲೆ ಯಾವಾಗಲೂ ಗೌರವ ಹೆಚ್ಚು. ಅವರು ಸಂತೆಯ ದಿನವನ್ನು ಆರಿಸಿಕೊಂಡರು. ಅಂದು ಊರೆಲ್ಲ ಸಂತೆಗೆ ಹೋಗಿರುತ್ತದೆ, ಬಾಯಿಬಿಟ್ಟು ಬೇಡವೆನ್ನುವವರು ಕಾಡಿನ ಕಡೆ ಸುಳಿಯುವುದಿಲ್ಲ. ಬಂದರೆ ಪ್ರಾಣಿಪಕ್ಷಿಗಳು ಬರಬೇಕು, ಅವಕ್ಕೆ ಮಾತು ಬಾರದು. ಇನ್ನು ಒಪ್ಪುವವರು ಒಬ್ಬರು ಬೇಕಲ್ಲ? ಮರ ಕಡಿಯುವ ಲಕ್ಕನಿಗೆ ಹೇಳಿಯಾಗಿತ್ತು. ಅವನು ಸೂರ್ಯ ಮುಳುಗುವುದಕ್ಕೆ ಸ್ವಲ್ಪ ಮುಂಚೆ ತನ್ನ ಆಳುಗಳೊಡನೆ ಬಂದು ಎಲೆ ತೆಗೆದುಕೊಳ್ಳುತ್ತಾನೆ. ಒಪ್ಪಿಗೆ ಕೊಡುವವನೂ ಲಕ್ಕ, ಕಡಿಯುವವನೂ ಲಕ್ಕ. ಇಂಥ ಅನುಕೂಲಗಳು ಆ ಕಾಲದಲ್ಲೂ ಇದ್ದವು.

ಸಂತೆಯ ದಿನ ಬೆಳಕು ಹರಿಯುವಾಗ ಪಟೇಲರು ಒಂದು ಕಟ್ಟು ವೀಳ್ಯದೆಲೆ, ಒಂದು ಬುತ್ತಿ ಹಿಡಿದು ಮತ್ತಿಯ ಬುಡದಲ್ಲಿ ಕೂತರು. ಎಲೆ ಒಂದು ಕಟ್ಟು ಜಾಸ್ತಿಯೇ ಆಯಿತು, ಉಳಿದದ್ದನ್ನು ಮನೆಗೆ ಒಯ್ಯಬಹುದು ಎಂದುಕೊಂಡರು.

ಮೊದಲು ಬಂದವು ಬಾವಲಿಗಳು. ಅವು ಮೂಡಣದ ಬೆಳಕಿನಿಂದ ಒಡೆದು ಬಿದ್ದ ಚೂರುಗಳ ಹಾಗೆ ಬಂದವು, ಬರುತ್ತಲೇ ಇದ್ದವು. ಮತ್ತಿಯ ಕೊಂಬೆಗಳಲ್ಲಿ ತಲೆಕೆಳಗಾಗಿ ತೂಗಿ, ರೆಕ್ಕೆ ಮಡಚಿ, ಒಣಹಾಕಿದ ಕಂಬಳಿಯ ತುಂಡುಗಳಂತೆ ಜೋತವು. ತಮ್ಮ ರುಮಾಲಿಗೆ ಅಪಚಾರ ಮಾಡಿದವನು ಇವುಗಳಲ್ಲಿ ಯಾರು ಎಂದು ಪಟೇಲರು ಕತ್ತೆತ್ತಿ ಹುಡುಕಿದರು. ಎಲ್ಲರೂ ಒಂದೇ ಥರ ಇದ್ದರು. ಒಂದು ಎಲೆ ಬೇರಿನ ಮೇಲಿಟ್ಟು "ಕಡಿಯಲೇ?" ಎಂದರು. ಬಾವಲಿಗಳು ಮಲಗಿದವು.

ಆಮೇಲೆ ಪಿಕಳಾರಗಳು ಬಂದವು. ಗಿಣಿಗಳು ಬಂದವು. ಬಾಲವನ್ನು ಬೆನ್ನ ಮೇಲೆ ಹೊತ್ತ ದೊಡ್ಡ ಕೆಂದಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿ ಬಂದು, ಎಲೆಯನ್ನು ಮೂಸಿ, ಮುಖ ತಿರುಗಿಸಿತು. ಹೆಜ್ಜೇನುಗಳು ಬಂದು ಹೋದವು, ಅವನ್ನು ಕೇಳುವಾಗ ಪಟೇಲರು ದನಿ ತಗ್ಗಿಸಿದರು. ಕರಿಮೂತಿಯ ಮುಸುವವೊಂದು ಇಳಿದು ಬಂದು ನೆಟ್ಟಗೆ ಎಲೆಯನ್ನು ಕೈಗೆ ತೆಗೆದುಕೊಂಡಿತು. ಪಟೇಲರ ಎದೆ ಹಿಗ್ಗಿತು. ಮುಸುವ ತೊಟ್ಟು ಕಿತ್ತು, ತುದಿ ಕಚ್ಚಿ, ಉಗುಳಿ, ಎಲೆಯನ್ನು ಪಟೇಲರ ಬರಿತಲೆಯ ಮೇಲೆ ಹಾಕಿ ಹೋಯಿತು. ಎಲೆ ಹಿಂತಿರುಗಿಸಿದರೆ ಒಪ್ಪಿಗೆಯೋ ಅಲ್ಲವೋ ಎಂಬ ಬಗ್ಗೆ ಶಾಸ್ತ್ರದಲ್ಲಿ ಸ್ಪಷ್ಟವಾಗಿಲ್ಲ. ಪಟೇಲರು ಅದನ್ನು ಬೆಳೆಸಲಿಲ್ಲ.

ಬಿಸಿಲು ಏರಿತು. ಅದು ಕಾಡಿನ ಹೊರಗೆ. ಒಳಗೆ ತಂಪು. ಮತ್ತಿಯ ಕಾಂಡ ಹಸುವಿನ ಮೈಯಂತೆ ಬೆಳ್ಳಗೆ, ನುಣ್ಣಗೆ ಇತ್ತು. ಅದರ ಬೇರುಗಳು ದಡದಿಂದ ಇಳಿದು, ಒಂದರೊಳಗೊಂದು ಹೆಣೆದು, ನೀರಿನೊಳಕ್ಕೆ ಹೋಗಿದ್ದವು. ಆ ಹಾದಿಯಲ್ಲಿ ಹುಟ್ಟಿದಾಗಿನಿಂದ ಓಡಾಡಿದ್ದರೂ ಪಟೇಲರು ಬೇರು ಎಲ್ಲಿ ಮುಗಿಯುತ್ತದೆಂದು ನೋಡಿರಲಿಲ್ಲ. ಈಗ ಮಾಡಲು ಬೇರೆ ಕೆಲಸವಿರಲಿಲ್ಲ, ಬಗ್ಗಿ ನೋಡಿದರು. ಬೇರು ಮುಗಿಯುತ್ತಿರಲಿಲ್ಲ. ಈ ಮರದ ಬೇರು ಹೋಗಿ ಪಕ್ಕದ ನೇರಳೆಯ ಬೇರನ್ನು ಹಿಡಿದಿತ್ತು. ನೇರಳೆಯದು ಹೊಂಗೆಯನ್ನು, ಹೊಂಗೆಯದು ಅತ್ತಿಯನ್ನು. ದಡದುದ್ದಕ್ಕೂ ಮರಗಳು ನೀರಿನ ಕೆಳಗೆ ಕೈಕೈ ಹಿಡಿದು ನಿಂತಿದ್ದವು.

ಆ ಕೈಗಳ ನಡುವೆ ನೆರಳಿತ್ತು. ನೆರಳಿನಲ್ಲಿ ಮೀನುಮರಿಗಳಿದ್ದವು. ಎಷ್ಟೆಂದರೆ ನೀರೇ ಬೆಳ್ಳಿಯಾಗಿ ನಡುಗುತ್ತಿತ್ತು. ಮೇಲೆ ನಿದ್ದೆಗಣ್ಣಿನ ಬಾವಲಿಯೊಂದು ಅರ್ಧ ತಿಂದ ಹಣ್ಣನ್ನು ಬಿಟ್ಟಿತು. ಹಣ್ಣು ನೀರಿಗೆ ಬಿದ್ದ ಸದ್ದಿಗೆ ಆಳದಿಂದ ದೊಡ್ಡ ಮೀನೊಂದು ಎದ್ದು ಬಂದು ನುಂಗಿತು. ಮೀನು ಬಂದ ಸುಳಿವಿಗೆ ನೀರುನಾಯಿಯ ಸಂಸಾರವೊಂದು ಬೇರಿನ ಸಂದಿಯಿಂದ ಹೊರಬಂತು. ತಂದೆ, ತಾಯಿ, ಒಂದರ ಮೇಲೊಂದು ಬೀಳುವ ಮಕ್ಕಳು. ಅವು ಪಟೇಲರನ್ನು ನೋಡಿದವು. ಮನೆಯ ಜಗಲಿಯ ಮೇಲೆ ಗುರುತಿಲ್ಲದವನು ಕೂತಿದ್ದರೆ ನೋಡುತ್ತಾರಲ್ಲ, ಹಾಗೆ. ಪಟೇಲರು ಅರಿವಿಲ್ಲದೆ ಕಾಲು ಮಡಚಿ ಸರಿದು ಕೂತರು.

ತಮ್ಮ ರುಮಾಲಿನ ಮೇಲೆ ಬಿದ್ದದ್ದು ಇನ್ನೊಂದು ಸ್ವಲ್ಪ ಆಚೆ ಬಿದ್ದಿದ್ದರೆ ಅದೂ ಯಾರದೋ ಊಟವಾಗುತ್ತಿತ್ತು, ಇಲ್ಲವೇ ಗಿಡವಾಗುತ್ತಿತ್ತು ಎಂದು ಅವರಿಗೆ ಹೊಳೆಯಿತು. ಕಾಡಿನಲ್ಲಿ ಆ ಹಿಕ್ಕೆ ವ್ಯರ್ಥವಾದ ಜಾಗ ತಮ್ಮ ತಲೆಯೊಂದೇ. ಈ ಯೋಚನೆ ಅವರಿಗೆ ಹಿಡಿಸಲಿಲ್ಲ. ಬಿಟ್ಟೂ ಹೋಗಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡರು. ನೀರು ತರಲು ಮರೆತಿದ್ದರು. ಮರಗಳ ಕೆಳಗಿನ ಮರಳಿನಲ್ಲಿ ಹೆಂಗಸರು ತೋಡಿದ ಒರತೆಯಿತ್ತು. ಬೊಗಸೆಯಲ್ಲಿ ಎತ್ತಿ ಕುಡಿದರು. ತಿಳಿನೀರು, ಎಳನೀರಿನಷ್ಟು ಸಿಹಿ. ಕುಡಿಯುತ್ತಿದ್ದಂತೆ ಗುರುತು ಸಿಕ್ಕಿತು. ಬೇಸಗೆಯಲ್ಲಿ ಊರಿನ ಬಾವಿ ಬತ್ತಿದ ಮೇಲೂ ನಿಂಗಾಜಮ್ಮ ತುಂಬಿದ ಚೊಂಬು ಕೊಡುತ್ತಿದ್ದರಲ್ಲ, ಅದೇ ರುಚಿ. ಎಲ್ಲಿಂದ ತರುತ್ತೀಯ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ.

ಎಲೆಯ ಕಟ್ಟು ಆಗಲೇ ಮುಗಿದಿತ್ತು. ಲಕ್ಕನಿಗೆಂದು ಎತ್ತಿಟ್ಟ ಒಂದೇ ಒಂದು ಎಲೆ ಉಳಿದಿತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಆಗ ಹುಟ್ಟು ಹಾಕುವ ಸದ್ದು ಕೇಳಿಸಿತು. ಬೆಸ್ತರ ಬೋರಕ್ಕ ಹರಿಗೋಲಿನಲ್ಲಿ ಬರುತ್ತಿದ್ದಳು. ಬೇರಿನ ಸಂದಿಗಳಲ್ಲಿ, ಬಂಡೆಗಳ ಬುಡದಲ್ಲಿ ಮೀನಿಗೆ ಬಿದಿರಿನ ಕೂಳಿ ಹಾಕುವುದು ಅವಳ ಕಸುಬು. ಪಟೇಲರು ಗಾಬರಿಯಿಂದ ಎದ್ದರು. ಬಾಯಿ ಇರುವವಳು, ಅದೂ ಎಂಥ ಬಾಯಿ!

"ಇಳೀಬ್ಯಾಡ ಬೋರಕ್ಕ! ಅಲ್ಲೇ ಇರು!"

"ಯಾಕ್ ಗೌಡ್ರೆ, ಹಾವೈತಾ?"

"ಹಾವಿಲ್ಲ. ನೀನು ಮರದತ್ರ ಬಂದ್ರೆ ನಾನು ಕೇಳ್ಬೇಕಾಯ್ತದೆ. ನೀರ್ ಮ್ಯಾಲಿದ್ರೆ ಬಂದಂಗಲ್ಲ."

ಬೋರಕ್ಕನಿಗೆ ವಿಷಯ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅವಳು ಹರಿಗೋಲನ್ನು ಒಂದು ಸುತ್ತು ತಿರುಗಿಸಿ ನಿಲ್ಲಿಸಿದಳು.

"ಹಂಗಾರೆ ಒಂದ್ ಕಾಲು ಮಾತ್ರ ಇಡಲಾ? ಅರ್ಧ ಕೇಳೀರಂತೆ."

"ತಮಾಷೆ ಬ್ಯಾಡ ಕಣೇ."

"ತಮಾಷೆ ಮಾಡ್ತಿರೋದು ಯಾರು ಬುದ್ಧಿ? ಬೆಳಗಿಂದ ಮುಸುವಂಗೆ ಎಲೆಯಡಿಕೆ ಕೊಡ್ತಾ ಕುಂತಿರೋರು ನೀವು," ಎಂದು ನಗುತ್ತಾ, ಕೂಳಿ ಎತ್ತಲು ಹೊಳೆಯ ನಡುವಿನ ಬಂಡೆಯ ಕಡೆಗೆ ಹೋದಳು.

ಬಿಸಿಲು ಇನ್ನೂ ಇತ್ತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಇದ್ದಕ್ಕಿದ್ದಂತೆ ಕಾಡು ಸುಮ್ಮನಾಯಿತು. ನೀರುನಾಯಿಗಳು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಮೇಲಿನ ಬೇರಿಗೆ ಏರಿದವು. ಪಟೇಲರು ತಿರುಗಿ ನೋಡಿದರು.

ಹೊಳೆಯ ತಿರುವಿನಲ್ಲಿ ಕೆಂಪು ಕಾಣಿಸಿತು. ದೂರದ ಬೆಟ್ಟಗಳಲ್ಲಿ ಬಿದ್ದ ಮಳೆ ಅದು. ಮಳೆಗಾಲದ ಮೊದಲ ಕೆನ್ನೀರು. ಊರಿನವರು ಅದನ್ನು ಮರುದಿನ ನೋಡಲು ಹೋಗುತ್ತಿದ್ದರು, ಬರುವುದನ್ನು ನೋಡಿದವರು ಕಡಿಮೆ. ಅದು ನೀರಿನ ಹಾಗೆ ಬರಲಿಲ್ಲ. ಎದ್ದು ನಡೆದ ಹೊಲದ ಹಾಗೆ ಬಂತು. ಮೊಣಕಾಲೆತ್ತರದ ಅಂಚು, ಅದರ ಹಿಂದೆ ಇನ್ನೊಂದು, ಅದರ ಮೇಲೆ ಇನ್ನೊಂದು. ಬುಡಸಮೇತ ಮರಗಳು ಅದರೊಳಗೆ ಉರುಳುತ್ತಿದ್ದವು. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯಿತು.

"ಬೋರಕ್ಕಾ!" ಎಂದು ಪಟೇಲರು ಕೂಗಿದರು.

ಅವಳು ಎದುರು ದಡದ ಕಡೆ ನೋಡಲೂ ಇಲ್ಲ. ಹರಿಗೋಲನ್ನು ಈ ಕಡೆಗೆ ತಿರುಗಿಸಿ ಹುಟ್ಟು ಹಾಕಿದಳು. ಕೆನ್ನೀರು ಹರಿಗೋಲನ್ನು ಎತ್ತಿ ಬುಗುರಿಯಂತೆ ತಿರುಗಿಸಿ ಮರಗಳ ನಡುವೆ ಎಸೆಯಿತು. ಪಟೇಲರು ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದು ಕೈ ಚಾಚಿ ಅವಳ ತೋಳು ಹಿಡಿದು ಎಳೆದರು. ಹರಿಗೋಲು ಎರಡು ಕಾಂಡಗಳ ನಡುವೆ ಸಿಕ್ಕಿ ನಿಂತಿತು. ಬೋರಕ್ಕ ಬೇರಿನ ಮೇಲೆ ಕೂತು ಉಸಿರು ತಂದುಕೊಂಡಳು.

ಪಟೇಲರು ನೋಡಿದ್ದು ಆಮೇಲಿನದು. ನಡುಹೊಳೆಯಲ್ಲಿ ಗೂಳಿಯಂತೆ ನುಗ್ಗುತ್ತಿದ್ದ ನೀರು ಮರಗಳ ಸಾಲಿಗೆ ಬಂದು ತಾಗಿದೊಡನೆ ನಿಧಾನವಾಯಿತು. ಒಂದು ಕಾಂಡ ಅದನ್ನು ಸೀಳಿತು, ಮುಂದಿನದು ತಿರುಗಿಸಿತು, ಬೇರುಗಳು ಅದರ ಕೈಯಲ್ಲಿದ್ದ ಕಲ್ಲು ದಿಮ್ಮಿಗಳನ್ನು ಇಸಿದುಕೊಂಡವು. ಮತ್ತಿಯ ಬುಡಕ್ಕೆ ಬರುವಷ್ಟರಲ್ಲಿ ಅದು ಹೊಸಲಲ್ಲಿ ಚಪ್ಪಲಿ ಬಿಟ್ಟು ಒಳಬರುವ ನೆಂಟನಂತೆ ಬಂದು, ಪಟೇಲರ ಪಾದ ತೋಯಿಸಿ, ತಾನು ತಂದ ಮಣ್ಣನ್ನು ಬೆರಳ ಸಂದಿಯಲ್ಲಿ ಮೆತ್ತಗೆ ಇಟ್ಟಿತು.

ಎದುರು ದಡದಲ್ಲಿ ಮರಗಳಿರಲಿಲ್ಲ. ಅಲ್ಲಿ ನೀರು ಯಾರನ್ನೂ ಕೇಳಲಿಲ್ಲ. ಧುಬುಕ್ ಎಂದು ದಡದ ಒಂದು ಹೋಳು ಬಿತ್ತು. ಅದರ ಹಿಂದೆ ಒಂದು ಗದ್ದೆ ಬದುಸಮೇತ ಜಾರಿತು. ಕಲ್ಲಿನ ಮೆಟ್ಟಿಲುಗಳು ಹಲ್ಲು ಉದುರಿದಂತೆ ಉದುರಿದವು. ಹೆಸರು ಕೆತ್ತಿದ ಕಲ್ಲು ಸ್ವಲ್ಪ ಹೊತ್ತು ಓಲಾಡಿ, ಅಕ್ಷರಗಳನ್ನು ಒಮ್ಮೆ ಆಕಾಶಕ್ಕೆ ತೋರಿಸಿ, ಮುಳುಗಿತು.

ಬೋರಕ್ಕ ಪಟೇಲರ ಕಡೆ ತಿರುಗಿದಳು. "ಈಗ ಕೇಳಿ ಗೌಡ್ರೆ. ಎರಡು ಕಾಲೂ ಇಟ್ಟಿವ್ನಿ."

ಪಟೇಲರು ಸೊಂಟದಿಂದ ಎಲೆ ತೆಗೆದರು. "ಮೊದ್ಲು ಬಂದದ್ದು ನೀನಲ್ಲ," ಎಂದರು. "ಇವಳು."

ಬಗ್ಗಿ, ಎಲೆಯನ್ನು ಕೆನ್ನೀರಿನ ಮೇಲೆ ಹಿಡಿದು, "ತಾಯಿ, ಈ ಮರ..." ಎಂದರು.

ಪ್ರಶ್ನೆ ಮುಗಿಯಲಿಲ್ಲ. ಹೊಳೆ ಎಲೆಯನ್ನು ಕೈಯಿಂದ ಕಿತ್ತುಕೊಂಡಿತು. ಎಲೆ ಮತ್ತಿಯನ್ನು ಸುತ್ತಿ, ನೇರಳೆಯನ್ನು ಹಾದು, ಹಿಂದೆ ನೋಡದೆ ಒಂದೇ ದಿಕ್ಕಿಗೆ ಹೋಯಿತು. ಆ ದಿಕ್ಕಿನಲ್ಲಿ ಪಟೇಲರ ಗದ್ದೆಯಿತ್ತು. ಗದ್ದೆಯ ಹಿಂದೆ ಊರಿತ್ತು. ಕಾಡಿನ ಕೊನೆಯ ಹೊಂಗೆಯ ಬೇರು ಅದನ್ನು ತಡೆದು ಹಿಡಿಯಿತು. ಅಲ್ಲಿ ಎಲೆ ಬಾಲ ಬಡಿಯುತ್ತಾ ನಿಂತಿತು.

"ಒಪ್ಕೊಂಡ್ಳು," ಎಂದಳು ಬೋರಕ್ಕ. ಈ ಸಲ ಅವಳು ನಗಲಿಲ್ಲ.

ಬೆಳಗಿನಿಂದ ಒಂದು ಕಟ್ಟು ಎಲೆ ಹಂಚಿದ್ದರು. ಬಾವಲಿ ಎಲೆ ಮುಟ್ಟಿರಲಿಲ್ಲ, ಅಳಿಲು ಮುಖ ತಿರುಗಿಸಿತ್ತು, ನೀರುನಾಯಿ ಎಲೆಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಕೈಯಿಂದ ಕಿತ್ತುಕೊಳ್ಳುವಷ್ಟು ಆಸೆಯಿಂದ ಒಪ್ಪಿದವಳು ಇವಳೊಬ್ಬಳೇ. ಮುದ್ದೇಗೌಡರು ತಲೆಯೆತ್ತಿ ಮತ್ತಿಯನ್ನು ನೋಡಿದರು. ಅದರ ತುದಿ ಕಾಣಲಿಲ್ಲ. ಕೈಮುಗಿಯಬೇಕೆನ್ನಿಸಿತು. ಆದರೆ ಒಂದು ಕೈ ಇನ್ನೂ ಬೇರನ್ನು ಹಿಡಿದುಕೊಂಡಿತ್ತು.

ಸೂರ್ಯ ಮುಳುಗುವ ಹೊತ್ತಿಗೆ ಲಕ್ಕ ಆಳುಗಳೊಡನೆ ಊರಿನ ಕಡೆಯಿಂದ ಬಂದ. ಸಂತೆಯಿಂದ ಮರಳಿದವರೂ ಕೆನ್ನೀರಿನ ಸುದ್ದಿ ಕೇಳಿ ಹಿಂದೆಯೇ ಬಂದಿದ್ದರು. ದಾಸೇಗೌಡರೂ ಇದ್ದರು.

"ಎಲೆ ಕೊಡಿ ಬುದ್ಧಿ, ತಗೊಂಡ್ಬುಡ್ತೀನಿ," ಎಂದ ಲಕ್ಕ.

"ಎಲೆ ಮುಗೀತು. ಒಪ್ಪಿಗೆ ಸಿಕ್ತು."

"ಯಾರ್ ಒಪ್ಪಿದ್ರು?"

"ಹೊಳೆ."

ಲಕ್ಕ ಕೊಡಲಿ ಎತ್ತಿಕೊಂಡ. ಬೋರಕ್ಕ ಬೇರಿನಿಂದ ಎದ್ದು ನಿಂತು ಬಾಯಿ ತೆರೆದಳು. ಪಟೇಲರು ಕೈಯೆತ್ತಿ ಅವಳನ್ನು ತಡೆದರು.

"ನೀನು ಅನ್ಬ್ಯಾಡ. ಒಬ್ಬನ್ನ ಕೇಳೋದು ಬಾಕಿ ಐತೆ. ಬೆಳಗಿಂದ ಈ ಮರದಡೀಲಿ ಕುಂತು, ಇದರ ನೆಳ್ಳಲ್ಲಿ ಉಂಡು, ಇದರ ನೀರು ಕುಡಿದು, ಇದರ ಬೇರು ಹಿಡ್ಕಂಡು ಉಳಿದೋನು. ಅವನನ್ನ ಯಾರೂ ಕೇಳ್ಲಿಲ್ಲ." ಪಟೇಲರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಬ್ಯಾಡ," ಎಂದರು.

ಲಕ್ಕ ಕೊಡಲಿ ಕೆಳಗಿಟ್ಟ. ದಾಸೇಗೌಡರು ಮೆಲ್ಲಗೆ ಕೇಳಿದರು, "ಮತ್ತೆ ರುಮಾಲು, ಮುದ್ದಣ್ಣ?"

"ಕಾಡು ನಿಂತಿರೋಗಂಟ ಏರಲ್ಲ ಅಂದಿದ್ದೆ, ಚಿಕ್ಕಪ್ಪ. ಕಾಡು ನಿಂತೈತಲ್ಲ."

"ಆ ಮಾತು ವಾಪಸ್ ತಗೊಂಡ್ರಾಯ್ತು. ಸಿಟ್ನಲ್ಲಿ ಅಂದದ್ದು."

"ಕಾಡು, ಮಾತು, ಎರಡನ್ನೂ ಉಳಿಸ್ಕೊಳ್ಳೋಕೆ ಆಯ್ತದೆ. ತಲೆ ಒಂದು ಬರಿದಾಯ್ತದೆ, ಅಷ್ಟೇ ತಾನೆ?"

ಮನೆಯಲ್ಲಿ ನಿಂಗಾಜಮ್ಮ ತೋಯ್ದ ಗಂಡನನ್ನು ನೋಡಿ, ಏನೂ ಕೇಳದೆ, ಪೆಟ್ಟಿಗೆಯಿಂದ ರುಮಾಲು ತೆಗೆದು ತಲೆ ಒರೆಸಿದರು. ಅದು ಜರಿಯಂಚಿನ ರುಮಾಲು ಎಂದು ಪಟೇಲರಿಗೆ ಗೊತ್ತಾಯಿತು. ಸುಮ್ಮನೆ ಒರೆಸಿಸಿಕೊಂಡರು.

ನೀತಿ: ಹೊಳೆದಡದ ಕಾಡು ಮರಗಳ ಗುಂಪಲ್ಲ. ಅದು ಮೀನಿಗೆ ತೊಟ್ಟಿಲು, ಹಕ್ಕಿಗೆ ಮನೆ, ಊರಿಗೆ ಕುಡಿಯುವ ನೀರು, ಹೊಳೆಗೂ ಊರಿಗೂ ನಡುವೆ ನಿಂತ ಹಿರಿಯ. ಅದನ್ನು ಕಡಿಯುವ ಮೊದಲು ಅದರಿಂದ ಬದುಕುವವರನ್ನೆಲ್ಲ ಕೇಳಿ. ಆ ಪಟ್ಟಿಯಲ್ಲಿ ನಿಮ್ಮನ್ನು ಮರೆಯಬೇಡಿ. ಹೊಳೆಯೊಂದೇ ಒಪ್ಪಿದರೆ, ಕೊಡಲಿ ಕೆಳಗಿಡಿ. ಸಿಟ್ಟಿನಲ್ಲಿ ಆಡಿದ ಮಾತಿಗೆ ಬೆಲೆ ತೆರಲೇಬೇಕಾದರೆ ಸ್ವಂತ ತಲೆಯಿಂದ ತೆರಬೇಕು, ಕಾಡಿನಿಂದಲ್ಲ.

ಮತ್ತಿಹಳ್ಳಿಯ ಪಟೇಲರ ಮನೆತನದವರು ಈಗಲೂ ರುಮಾಲು ಸುತ್ತುವುದಿಲ್ಲ. ಹೊಳೆಕಾಡಿನ ಹಾದಿಯಲ್ಲಿ ಕೊಡೆ ಹಿಡಿದು ಹೋಗುತ್ತಾರೆ.